ಕಾಳನನ್ನು ತೋಟಕ್ಕೆ ಬಿಟ್ಟು ಬಂದರೆ ಫಂಗಸ್ ಹೋಗುತ್ತದೆಯೇ?

ಪ್ರಶ್ನೆ: ನಮ್ಮದು ದಾವಣಗೆರೆಯ ನಿಟ್ಟುವಳ್ಳಿ. ಮನೆಯಲ್ಲಿ ಒಂಬತ್ತು ವರ್ಷದ ನಾಟಿ ನಾಯಿ ಕಾಳ ಇದ್ದಾನೆ, ತೂಕ 20 ಕೆ.ಜಿ. ಒಂದು ತಿಂಗಳಿಂದ ಅವನ ಮೂತಿ, ಕಿವಿ, ಮುಂಗಾಲಿನಲ್ಲಿ ಕೂದಲು ಉದುರಿ ದುಂಡದುಂಡಗೆ ಬೋಳಾಗಿದೆ. ಡಾಕ್ಟರು ನೀಲಿ ಲೈಟ್ ಹಿಡಿದು ನೋಡಿ, ಕೂದಲು ಕಿತ್ತು ಮೈಕ್ರೋಸ್ಕೋಪಿನಲ್ಲೂ ಪರೀಕ್ಷಿಸಿ, ಫಂಗಸ್ ಎಂದರು. ಕನಿಷ್ಠ ಆರು ವಾರ ಇಟ್ರಾಕೊನಜೋಲ್ ಮಾತ್ರೆ, ವಾರಕ್ಕೆರಡು ಸಲ ಔಷಧಿ ಶಾಂಪೂ ಸ್ನಾನ ಬೇಕಂತೆ. ಅಷ್ಟರಲ್ಲಿ ಆರು ವರ್ಷದ ಮಗಳ ಕೈಮೇಲೂ ಉಂಗುರದಂಥ ಕಲೆ ಎದ್ದಿದೆ. ಅತ್ತೆಗೆ ಸಕ್ಕರೆ ಕಾಯಿಲೆ. ‘ವಯಸ್ಸಾದ ನಾಯಿಗೆ ಇಷ್ಟೆಲ್ಲ ಯಾಕೆ, ಗ್ಯಾರೇಜಿನ ವೇಸ್ಟ್ ಆಯಿಲ್ ತಂದು ಹಚ್ಚಿ, ಇಲ್ಲ ಚನ್ನಗಿರಿ ಕಡೆ ಭಾವನ ತೋಟಕ್ಕೆ ಬಿಟ್ಟು ಬನ್ನಿ’ ಎನ್ನುತ್ತಾರೆ. ಗಂಡನೂ ಅದಕ್ಕೇ ಹೂಂ ಅನ್ನುತ್ತಿದ್ದಾರೆ. ಪಕ್ಕದ ಮನೆ ಬೆಕ್ಕು ಕಾಳನ ಗೋಣಿಚೀಲದ ಮೇಲೇ ಮಲಗುತ್ತದೆ, ಅದಕ್ಕೇನೂ ಆಗಿಲ್ಲ. ಹಾಗಾದರೆ ಇವನಿಗೇ ಯಾಕೆ ಬಂತು? ನಾನು ಮಗಳನ್ನು ನೋಡಲೋ, ನಾಯಿಯನ್ನು ನೋಡಲೋ?
– ಹೆಸರು ಬೇಡ, ದಾವಣಗೆರೆ

ಉತ್ತರ: ಚಿಕಿತ್ಸೆ ಕೊಡಿಸಿ. ಮಗಳಿಗಾಗಿಯೇ ಕೊಡಿಸಿ. ನೀವು ಇದನ್ನು ಮಗಳೋ ನಾಯಿಯೋ ಎಂದು ಎರಡು ತಟ್ಟೆಯಲ್ಲಿಟ್ಟು ತೂಗುತ್ತಿದ್ದೀರಿ, ಆದರೆ ಇಬ್ಬರದೂ ಒಂದೇ ಕಾಯಿಲೆ. ನಮ್ಮಲ್ಲಿ ಹುಳುಕಡ್ಡಿ, ಗಜಕರ್ಣ ಎನ್ನುವುದು ಇದನ್ನೇ. ಈ ಫಂಗಸ್ಸಿನ ಬೀಜಾಣುಗಳು ಉದುರಿದ ಕೂದಲು ಮತ್ತು ಚರ್ಮದ ಹೊಟ್ಟಿಗೆ ಅಂಟಿಕೊಂಡು ಈಗಾಗಲೇ ನಿಮ್ಮ ಮನೆಯಲ್ಲಿವೆ. ಒಣ ಜಾಗದಲ್ಲಿ ಒಂದೂವರೆ ವರ್ಷದವರೆಗೂ ಜೀವ ಹಿಡಿದಿರಬಲ್ಲವು. ನಾಳೆಯೇ ಕಾಳನನ್ನು ಚನ್ನಗಿರಿಗೆ ಸಾಗಿಸಿದರೂ ಅವನ ಕೂದಲು ನಿಮ್ಮ ಸೋಫಾದ ಸಂದಿಯಲ್ಲೇ ಉಳಿಯುತ್ತದೆ. ಅತ್ತ ತೋಟದಲ್ಲಿ ಕೆಲಸದವರ ಮಕ್ಕಳು ಅವನನ್ನು ಮುಟ್ಟುತ್ತಾರೆ, ಅವರಿಗೂ ಹತ್ತುತ್ತದೆ. ಮನೆಯಲ್ಲೇ ಬೆಳೆದ ಒಂಬತ್ತು ವರ್ಷದ ನಾಯಿ ಅಲ್ಲಿನ ನಾಯಿಗಳ ನಡುವೆ ತನ್ನ ಊಟ ತಾನೇ ಸಂಪಾದಿಸಿಕೊಳ್ಳುವುದೂ ಆಗದ ಮಾತು. ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಯಿಂದ ನರಳುವಂತೆ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧವೂ ಹೌದು.

ನಿಮ್ಮ ಗಂಡ ಒಂದು ಮಾತು ಕೇಳಬಹುದು: ಏನೂ ಮಾಡದಿದ್ದರೆ ತಾನಾಗೇ ವಾಸಿಯಾಗುವುದಿಲ್ಲವೇ? ಆರೋಗ್ಯವಂತ ನಾಯಿಯಲ್ಲಿ ಎಷ್ಟೋ ಸಲ ಆಗುತ್ತದೆ. ಆದರೆ ಅದಕ್ಕೆ ತಿಂಗಳುಗಳು ಬೇಕು, ಅಷ್ಟು ದಿನವೂ ಅವನು ಬೀಜಾಣು ಉದುರಿಸುತ್ತಲೇ ಇರುತ್ತಾನೆ. ಮಗು ಮತ್ತು ಸಕ್ಕರೆ ಕಾಯಿಲೆಯ ಹಿರಿಯರು ಇರುವ ಮನೆಯಲ್ಲಿ ಹಾಗೆ ಕಾಯುವುದು ಸರಿಯಲ್ಲ.

ಕೂದಲನ್ನು ಮೈಕ್ರೋಸ್ಕೋಪಿನಲ್ಲಿ ನೋಡಿರುವುದರಿಂದ ರೋಗದ ಬಗ್ಗೆ ಅನುಮಾನ ಬೇಡ. ಬರೀ ನೀಲಿ ಲೈಟ್ ಆಗಿದ್ದರೆ ಇನ್ನೊಮ್ಮೆ ನೋಡಿಸಿ ಎನ್ನುತ್ತಿದ್ದೆವು, ಏಕೆಂದರೆ ಆ ಬೆಳಕಿನಲ್ಲಿ ಚರ್ಮದ ಹೊಟ್ಟು, ಹಚ್ಚಿದ ಮುಲಾಮು ಕೂಡ ಹೊಳೆಯುತ್ತವೆ. ಫಂಗಸ್ ಇದ್ದರೆ ಕೂದಲಿನ ಬುಡವೇ ಎಳೆ ಹಸಿರಾಗಿ ಹೊಳೆಯಬೇಕು. ಮಾತ್ರೆ ಶುರು ಮಾಡುವ ಮೊದಲು ಮಾತ್ರ ಎರಡು ವಿಷಯ ಡಾಕ್ಟರ ಬಳಿ ಕೇಳಿ. ಚರ್ಮ ಕೆರೆದು ಕಜ್ಜಿಯ ಹುಳುವಿಗೂ ಪರೀಕ್ಷೆ ಆಗಿದೆಯೇ? ರಕ್ತ ಪರೀಕ್ಷೆ ಆಗಿದೆಯೇ? ಇಟ್ರಾಕೊನಜೋಲ್ ಲಿವರ್‌ಗೆ ಹೊರೆಯಾಗುವ ಔಷಧಿ. ಹಾಗಾಗಿ ಎಸ್‌ಜಿಪಿಟಿ ಎಂಬ ಲಿವರ್‌ನ ರಕ್ತ ಪರೀಕ್ಷೆಯನ್ನು ಮೊದಲು ಒಮ್ಮೆ, ತಿಂಗಳಾದ ಮೇಲೆ ಇನ್ನೊಮ್ಮೆ ನೋಡಿಸಲೇಬೇಕು. ಹೃದಯ ದುರ್ಬಲವಾಗಿರುವ ನಾಯಿಗೆ ಈ ಔಷಧಿ ಒಳ್ಳೆಯದಲ್ಲ. ಹುಳುಕಡ್ಡಿ ಹೆಚ್ಚಾಗಿ ಬರುವುದು ಮರಿಗಳಿಗೆ. ಒಂಬತ್ತನೇ ವರ್ಷದಲ್ಲಿ ಮೈತುಂಬ ಹಬ್ಬುತ್ತಿದ್ದರೆ ಒಳಗೆ ಬೇರೇನೋ ಇರಬಹುದು. ಕಾಳ ಮೊದಲಿಗಿಂತ ಜಾಸ್ತಿ ನೀರು ಕುಡಿಯುತ್ತಾನೆಯೇ, ಹೊಟ್ಟೆ ಜೋತುಬಿದ್ದಿದೆಯೇ, ಈಚೆಗೆ ತುರಿಕೆಗೆಂದು ಸ್ಟೀರಾಯ್ಡ್ ಇಂಜೆಕ್ಷನ್ ಆಗಿತ್ತೇ, ಎಲ್ಲವನ್ನೂ ಹೇಳಿ. ಕಜ್ಜಿಗೆಂದು ಯಾರಾದರೂ ಐವರ್ಮೆಕ್ಟಿನ್ ಚುಚ್ಚಿದ್ದರೆ ಅದನ್ನಂತೂ ಮರೆಯದೆ ಹೇಳಿ. ಈ ಗುಂಪಿನ ಫಂಗಸ್ ಮಾತ್ರೆಗಳ ಜೊತೆ ಸೇರಿದರೆ ಐವರ್ಮೆಕ್ಟಿನ್ ದೇಹದಲ್ಲಿ ಹೆಚ್ಚಾಗಿ ಉಳಿದು ನಾಯಿ ತೂರಾಡುವ, ಪ್ರಜ್ಞೆ ತಪ್ಪುವ ಅಪಾಯವಿದೆ.

ಲಿವರ್ ಸರಿಯಿಲ್ಲ ಎಂದು ಬಂದರೆ? ಆಗಲೂ ಕೈಬಿಡಬೇಕಿಲ್ಲ. ಮಾತ್ರೆ ಬದಲಿಸಬಹುದು, ಅಥವಾ ಸ್ನಾನ ಮತ್ತು ಸ್ವಚ್ಛತೆಯಿಂದಲೇ ನಿಧಾನವಾಗಿ ಹತೋಟಿಗೆ ತರಬಹುದು.

ಸಾಮಾನ್ಯವಾಗಿ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 5 ಎಂಜಿ ಲೆಕ್ಕ, ಅಂದರೆ ಕಾಳನಿಗೆ ದಿನಕ್ಕೊಂದು 100 ಎಂಜಿ ಕ್ಯಾಪ್ಸೂಲ್. ನಿಮ್ಮ ಡಾಕ್ಟರು ಬೇರೆ ಪ್ರಮಾಣ ಬರೆದಿದ್ದರೆ ಅದರಂತೆಯೇ ನಡೆಯಿರಿ. ಕ್ಯಾಪ್ಸೂಲನ್ನು ಒಡೆದು ಪುಡಿ ಮಾಡಬೇಡಿ, ಮೈಗೆ ಹತ್ತುವುದಿಲ್ಲ. ಖಾಲಿ ಹೊಟ್ಟೆಗೂ ಬೇಡ. ಅನ್ನ, ಮೊಟ್ಟೆ, ಒಂದು ಚಮಚ ಬೆಣ್ಣೆ ಕಲಸಿ ಉಂಡೆ ಮಾಡಿ ಅದರೊಳಗೆ ಇಟ್ಟು ಕೊಡಿ. ಜಿಡ್ಡಿನ ಊಟದ ಜೊತೆ ಈ ಔಷಧಿ ಚೆನ್ನಾಗಿ ಹೀರಿಕೊಳ್ಳುತ್ತದೆ. ಹೊಟ್ಟೆಯ ಆಮ್ಲವೂ ಅದಕ್ಕೆ ಬೇಕು, ಆದ್ದರಿಂದ ನೀವಾಗಿ ಗ್ಯಾಸಿನ ಮಾತ್ರೆ ಕೊಡಬೇಡಿ. ಊಟ ಬಿಟ್ಟರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಅಥವಾ ಒಸಡು ಹಳದಿಯಾದರೆ, ಕಾಲು ಊದಿ ಹುಣ್ಣಾದರೆ ಆ ದಿನವೇ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಶಾಂಪೂವಿನಲ್ಲಿ ಮೈಕೋನಜೋಲ್ 2%, ಕ್ಲೋರ್‌ಹೆಕ್ಸಿಡಿನ್ 2% ಎರಡೂ ಇರಲಿ. ಇದರಲ್ಲಿ ಹೆಚ್ಚಿನವರು ತಪ್ಪುವುದು ಸಮಯದಲ್ಲಿ. ಮೈಯೆಲ್ಲ ನೊರೆ ಬಂದ ಮೇಲೆ ಗಡಿಯಾರ ನೋಡಿ 10 ನಿಮಿಷ ಬಿಡಬೇಕು. ಎರಡು ನಿಮಿಷಕ್ಕೇ ತೊಳೆದರೆ ದುಡ್ಡು ಮೋರಿಗೆ ಹೋಯಿತು. ಬೋಳಾದ ಜಾಗಕ್ಕಷ್ಟೇ ಅಲ್ಲ, ಇಡೀ ಮೈಗೆ ಹಚ್ಚಿ, ಕಣ್ಣಿಗೆ ಬೀಳದಂತೆ. ತಿಕ್ಕಿ ತೊಳೆಯಬೇಡಿ. ಸೋಂಕು ತಗುಲಿದ ಕೂದಲು ಸುಲಭವಾಗಿ ಮುರಿಯುತ್ತದೆ, ತಿಕ್ಕಿದಷ್ಟೂ ಹರಡುತ್ತದೆ. ಮಷಿನ್ ಹಾಕಿ ಮೈ ಬೋಳಿಸಿದರೂ ಹೀಗೇ, ಸಣ್ಣ ಗೀರುಗಳ ಮೂಲಕ ಫಂಗಸ್ ಹೊಸ ಜಾಗಕ್ಕೆ ಇಳಿಯುತ್ತದೆ. ಕಲೆಯ ಸುತ್ತಲಿನ ಕೂದಲನ್ನು ಕತ್ತರಿಯಲ್ಲಿ ಮೆಲ್ಲಗೆ ಕತ್ತರಿಸಿ, ಪೇಪರಿನಲ್ಲಿ ಸುತ್ತಿ ಸುಟ್ಟುಬಿಡಿ. ಈ ಜಿಟಿಜಿಟಿ ಮಳೆಯಲ್ಲಿ ಮೈ ಹಸಿಯಾಗೇ ಉಳಿಯಬಾರದು, ಟವೆಲ್‌ನಲ್ಲಿ ಒತ್ತಿ ಒರೆಸಿ ಫ್ಯಾನಿನ ಕೆಳಗೆ ಕೂರಿಸಿ. ಗ್ಲೌಸ್ ಹಾಕಿಕೊಂಡು ನೀವೋ ನಿಮ್ಮ ಗಂಡನೋ ಮಾಡಿ, ಅತ್ತೆ ಮತ್ತು ಮಗಳು ಹತ್ತಿರ ಬರುವುದು ಬೇಡ.

ವೇಸ್ಟ್ ಆಯಿಲ್ ಖಂಡಿತ ಬೇಡ. ನಾಯಿ ಅದನ್ನು ನೆಕ್ಕುತ್ತದೆ. ಹೊಟ್ಟೆಗೆ ಹೋದರೆ ವಿಷ, ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಚರ್ಮವೂ ಸುಟ್ಟಂತಾಗುತ್ತದೆ. ಸೀಮೆಎಣ್ಣೆಗೂ ಇದೇ ಮಾತು.

ಇನ್ನು ಮನೆ. ಸಮಾಧಾನದ ಸಂಗತಿಯೆಂದರೆ ಈ ಫಂಗಸ್ ನೆಲದ ಮೇಲೆ ಬೆಳೆಯುವುದಿಲ್ಲ, ಉದುರಿದ ಕೂದಲಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಕೂದಲು ಹೋದರೆ ಬಹುಪಾಲು ಅದೂ ಹೋಯಿತು. ಒಣ ಪೊರಕೆ ಹಿಡಿಯಬೇಡಿ, ಬೀಜಾಣು ಗಾಳಿಗೆ ಏಳುತ್ತವೆ. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ. ವಾರಕ್ಕೆರಡು ಸಲ ಸೋಪಿನ ನೀರಲ್ಲಿ ತೊಳೆದು, ಆ ಸೋಪು ಹೋದ ಮೇಲೆ, ಒಂದು ಲೀಟರ್ ನೀರಿಗೆ 30 ಮಿ.ಲೀ. ಲಿಕ್ವಿಡ್ ಬ್ಲೀಚ್ ಬೆರೆಸಿ ನೆಲ ಒದ್ದೆ ಮಾಡಿ 10 ನಿಮಿಷ ಬಿಡಿ. ಕಿಟಕಿ ತೆರೆದಿರಲಿ, ನೆಲ ಆರುವವರೆಗೆ ಮಗಳೂ ಕಾಳನೂ ಆಚೆ ಇರಲಿ. ಬ್ಲೀಚಿಗೆ ಬಾತ್‌ರೂಮಿನ ಆಸಿಡ್ಡನ್ನಾಗಲಿ ಫಿನಾಯಿಲನ್ನಾಗಲಿ ಸೇರಿಸಬೇಡಿ. ಆಸಿಡ್ ಬೆರೆತರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಬರುತ್ತದೆ. ಆ ಗೋಣಿಚೀಲವನ್ನು ಸುಟ್ಟುಬಿಡಿ, ಬೆಲ್ಟ್ ಚರ್ಮದ್ದಾಗಿದ್ದರೆ ಅದನ್ನೂ. ಹಳೇ ಬೆಡ್‌ಶೀಟ್‌ಗಳನ್ನು ಎರಡು ಭಾಗ ಮಾಡಿ ಸರದಿಯಲ್ಲಿ ಹಾಸಿ, ಬೇರೆಯಾಗಿ ಎರಡೆರಡು ಸಲ ಒಗೆದು ಬಿಸಿಲು ಕಂಡಾಗ ಒಣಗಿಸಿ.

ಕಾಳನಿಗೆ ಟೈಲ್ಸ್ ಹಾಕಿದ ಒಂದು ಕೋಣೆ ಕೊಡಿ. ಹಿತ್ತಲಲ್ಲಿ ಆರು ವಾರ ಕಟ್ಟಿಹಾಕಬೇಡಿ, ಜೊತೆಗಿದ್ದು ಅಭ್ಯಾಸವಾದ ನಾಯಿ ಕೊರಗುತ್ತದೆ, ಊಟ ಬಿಡುತ್ತದೆ. ಆ ಕೋಣೆಯ ಬಾಗಿಲ ಮೊಳೆಗೆ ಒಂದು ಹಳೇ ಅಂಗಿ ತೂಗುಹಾಕಿ. ಒಳಗೆ ಹೋಗುವಾಗ ಹಾಕಿಕೊಂಡು, ಬರುವಾಗ ಅಲ್ಲೇ ತೆಗೆದು, ಸೋಪಿನಲ್ಲಿ ಕೈ ತೊಳೆದರೆ ದಿನಾ ಅವನ ಪಕ್ಕ ಕೂರುವುದಕ್ಕೆ ಅಡ್ಡಿಯಿಲ್ಲ.

ಮಗಳನ್ನು ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ನಾಯಿಗೆ ಹುಳುಕಡ್ಡಿ ಇದೆ ಎಂದೂ ಹೇಳಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ತುರಿಕೆ ಮುಲಾಮುಗಳಲ್ಲಿ ಎಷ್ಟೋ ಸಲ ಕ್ಲೋಬೆಟಾಸೋಲ್ ಅಥವಾ ಬೀಟಾಮೆಥಾಸೋನ್ ಇರುತ್ತದೆ. ಇವು ಸ್ಟೀರಾಯ್ಡ್. ನಾಲ್ಕು ದಿನ ಕೆಂಪು ಇಳಿಯುತ್ತದೆ, ಒಳಗೊಳಗೇ ಫಂಗಸ್ ಹರಡುತ್ತದೆ. ಅವನ್ನು ಮಗಳಿಗೂ ಹಚ್ಚಬೇಡಿ, ಕಾಳನಿಗೂ ಹಚ್ಚಬೇಡಿ. ಅವಳ ತಲೆಯಲ್ಲೂ ಕೂದಲು ಉದುರಿದ ಕಲೆ ಇದೆಯೇ ಬೆಳಕಿನಲ್ಲಿ ಬಿಡಿಸಿ ನೋಡಿ. ನೆತ್ತಿಗೆ ಬಂದರೆ ಮುಲಾಮು ಸಾಲದು, ಹೊಟ್ಟೆಗೆ ಔಷಧಿ ಬೇಕು. ಸೋಂಕು ತಗುಲಿ ಕಲೆ ಕಾಣಲು ಒಂದರಿಂದ ಮೂರು ವಾರ ಹಿಡಿಯುವುದರಿಂದ ಇನ್ನೊಂದು ಕಲೆ ಎದ್ದರೆ ಗಾಬರಿಯಾಗಬೇಡಿ.

ಬೆಕ್ಕಿನ ವಿಷಯ ನೀವು ಕೊನೆಗೆ ಬರೆದಿರಿ, ನಮಗೆ ಅದೇ ಮುಖ್ಯವಾಗಿ ಕಂಡಿತು. ನಾಯಿಗೆ ಈ ಕಾಯಿಲೆ ತರುವ ಸಾಮಾನ್ಯ ಫಂಗಸ್ ಮೂಲತಃ ಬೆಕ್ಕಿನದು. ಬೆಕ್ಕಿನ ಮೈಮೇಲೆ ಒಂದು ಕಲೆಯೂ ಇಲ್ಲದೆ ಬೀಜಾಣು ಇರಬಹುದು. ಕಾಳನಿಗೆ ಬಂದಿದ್ದು ಅದರಿಂದಲೇ ಎಂದು ಹೇಳಲಾಗದು, ಆದರೆ ಅದನ್ನು ಬಿಟ್ಟು ಇವನಿಗಷ್ಟೇ ಔಷಧಿ ಕೊಟ್ಟರೆ ಮತ್ತೆ ಮರುಕಳಿಸುವ ಸಂಭವ ಜಾಸ್ತಿ. ಪಕ್ಕದ ಮನೆಯವರಿಗೆ ದೂರಿನ ಧಾಟಿಯಲ್ಲಿ ಹೇಳಬೇಡಿ. ‘ನಮ್ಮ ಕಾಳನಿಗೆ ಹೀಗಾಗಿದೆ, ನಿಮ್ಮ ಬೆಕ್ಕಿಗೂ ನಿಮಗೂ ಹತ್ತಬಾರದಲ್ಲ, ಒಮ್ಮೆ ತೋರಿಸಿ’ ಅನ್ನಿ. ನೀವೂ ಆ ಬೆಕ್ಕಿಗೆ ಹಾಲು ಹಾಕುತ್ತಿದ್ದರೆ ಅಲ್ಲಿಯವರೆಗೆ ನಿಲ್ಲಿಸಿ.

ಖರ್ಚಿನ ಲೆಕ್ಕವನ್ನು ಗಂಡನ ಮುಂದೆ ಬರೆದೇ ಇಡಿ: 42 ಕ್ಯಾಪ್ಸೂಲ್, 12 ಸ್ನಾನಕ್ಕೆ ಸುಮಾರು 500 ಮಿ.ಲೀ. ಶಾಂಪೂ, ಎರಡು ರಕ್ತ ಪರೀಕ್ಷೆ, ಕೊನೆಗೊಂದು ಕಲ್ಚರ್, ಅಂದರೆ ಫಂಗಸ್ ಇನ್ನೂ ಉಳಿದಿದೆಯೇ ಎಂದು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಕ್ಯಾಪ್ಸೂಲನ್ನು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಅದೂ ಕಷ್ಟವಾದರೆ ಟರ್ಬಿನಾಫಿನ್ ಎಂಬ ಬೇರೆ ಫಂಗಸ್ ಮಾತ್ರೆ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ‘ನಾಯಿ ಬೇಕೋ ಬೇಡವೋ’ ಎಂಬ ಜಗಳಕ್ಕೆ ಇಳಿಯಬೇಡಿ, ಆರು ವಾರದ ಸಮಯ ಕೇಳಿ. ಅತ್ತೆಯವರ ಭಯವನ್ನು ತಳ್ಳಿಹಾಕಬೇಡಿ. ಸಕ್ಕರೆ ಕಾಯಿಲೆಯವರಿಗೆ ಇದು ಬೇಗ ಹತ್ತುತ್ತದೆ, ಬೇಗ ಹೋಗುವುದಿಲ್ಲ, ಅವರು ಹೆದರುವುದರಲ್ಲಿ ಅರ್ಥವಿದೆ. ಅವರ ಹಾಸಿಗೆ, ಟವೆಲ್ ಬೇರೆ ಇಟ್ಟು, ಕಾಳನ ಕೋಣೆಯಿಂದ ಅವರ ಕೋಣೆ ದೂರವಿರುವಂತೆ ನೋಡಿಕೊಳ್ಳಿ.

ಮೂರ್ನಾಲ್ಕು ವಾರಕ್ಕೆ ಹೊಸ ಕೂದಲು ಬರತೊಡಗುತ್ತದೆ. ಚಿಕಿತ್ಸೆ ಕೆಡುವುದು ಅಲ್ಲೇ. ‘ವಾಸಿಯಾಯಿತಲ್ಲ’ ಎಂದು ಮಾತ್ರೆ ನಿಲ್ಲಿಸುತ್ತಾರೆ, ತಿಂಗಳಲ್ಲಿ ಮತ್ತೆ ಮೊದಲಿನ ಹಾಗೇ. ಚರ್ಮ ಚೆನ್ನಾಗಿ ಕಂಡರೂ ಬೀಜಾಣು ಉಳಿದಿರುತ್ತವೆ. ಕೂದಲು ತುಂಬಿದ ಮೇಲೆ, ಡಾಕ್ಟರು ಹೇಳಿದ ದಿನ, ಒಂದು ಹೊಸ ಟೂತ್‌ಬ್ರಷ್‌ನಿಂದ ಅವನ ಮೈಯನ್ನೆಲ್ಲ ಎರಡು ಮೂರು ನಿಮಿಷ ಬಾಚಿ, ಬ್ರಷ್ಷನ್ನು ಶುದ್ಧ ಕವರಿನಲ್ಲಿ ಹಾಕಿ ಕಲ್ಚರ್‌ಗೆ ಕೊಡಿ. ದಾವಣಗೆರೆಯಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಫಲಿತಾಂಶಕ್ಕೆ ಎರಡರಿಂದ ಮೂರು ವಾರ ಹಿಡಿಯುತ್ತದೆ. ಅದು ನೆಗೆಟಿವ್ ಬಂದು, ಡಾಕ್ಟರು ಸಾಕು ಎನ್ನುವವರೆಗೆ ಮಾತ್ರೆಯೂ ಸ್ನಾನವೂ ನಿಲ್ಲದಿರಲಿ.