ಅಜ್ಜಿಯ ಬೆಳ್ಳಿ ಕಡಗದೊಳಗಿನ ಅಕ್ಷರ ಯಾರದು? ಕೊಪ್ಪಳದ ಕಡೆ ಬೆಳ್ಳಿ ಬಂಗಾರದ ಅಂಗಡಿಗಳು ಹೇಗೆ ಶುರುವಾದವು?

ನಿಮ್ಮ ಅಜ್ಜಿಯ ಕಾಲ್ಗಡಗದ ಒಳಮೈಯಲ್ಲಿ ಒಂದು ಸಣ್ಣ ಅಕ್ಷರ ಇದೆ, ಅದೇನು ಅಂತ ಕೇಳಿದ್ದೀರಿ. ನಮ್ಮ ಕಡೆಯ ಬೆಳ್ಳಿ ಬಂಗಾರದ ಅಂಗಡಿಗಳು ಹೇಗೆ ಬೆಳೆದವು ಅಂತಲೂ ಕೇಳಿದ್ದೀರಿ. ನಮ್ಮದು ಕೊಪ್ಪಳದಲ್ಲಿ ಮೂರು ತಲೆಮಾರಿನ ಬೆಳ್ಳಿ ಕೆಲಸ. ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ, ಎರಡಕ್ಕೂ ಉತ್ತರ ಅದರಲ್ಲೇ ಸಿಗುತ್ತದೆ.

ಆ ಅಕ್ಷರ ಹೆಚ್ಚಾಗಿ ಕಡಗ ಮಾಡಿದ ಪತ್ತಾರರ, ಅಂದರೆ ಅಕ್ಕಸಾಲಿಗರ ಗುರುತು. ನಮ್ಮ ಅಜ್ಜ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಉಕ್ಕಿನ ಮೊಳೆಯ ತುದಿಯಲ್ಲಿ ತಿರುಗಾಮುರುಗಾ ಕೆತ್ತಿಟ್ಟುಕೊಂಡಿದ್ದರು. ಒಡವೆ ಮುಗಿದ ಮೇಲೆ ಒಳಗಡೆ ಅದನ್ನಿಟ್ಟು ಒಂದೇ ಏಟು. ಇಪ್ಪತ್ತು ವರ್ಷದ ಮೇಲೆ ಒಡವೆ ವಾಪಸ್ ಬಂದರೂ ತನ್ನ ಕೈಯದೋ ಅಲ್ಲವೋ ಗೊತ್ತಾಗಬೇಕಲ್ವಾ? ಆ ಮೊಳೆ ಈಗಲೂ ನನ್ನ ಹತ್ತಿರ ಇದೆ.

ಅಜ್ಜನಿಗೆ ಅಂಗಡಿ ಇರಲಿಲ್ಲ. ಮನೆಯ ಪಡಸಾಲೆಯಲ್ಲಿ ಕುಲುಮೆ, ಅಡಿಗಲ್ಲು, ಊದುಗೊಳವೆ, ಒಂದು ಚಾಪೆ, ಅಷ್ಟೇ. ಬೆಳ್ಳಿಯನ್ನು ರೈತರೇ ತರುತ್ತಿದ್ದರು. ಅಜ್ಜ ಕರಗಿಸಿ ಉಡಿದಾರವೋ ಕಡಗವೋ ಮಾಡಿ ಮಜೂರಿ ತೆಗೆದುಕೊಳ್ಳುತ್ತಿದ್ದರು. ಆ ಬೆಳ್ಳಿ ಬೇರೇನೂ ಅಲ್ಲ, ರೂಪಾಯಿ ನಾಣ್ಯ!

ಇಲ್ಲೇ ನಮ್ಮ ಊರಿನ ವಿಶೇಷ ಇರೋದು. ಆಗ ಕೊಪ್ಪಳ, ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ತುಂಗಭದ್ರೆ ದಾಟಿದರೆ ಹೊಸಪೇಟೆ, ಬಳ್ಳಾರಿ. ಅದು ಬ್ರಿಟಿಷರ ಮದ್ರಾಸ್ ಪ್ರಾಂತ. ಆಚೆ ದಡದಲ್ಲಿ ಬ್ರಿಟಿಷ್ ರೂಪಾಯಿ, ಈಚೆ ದಡದಲ್ಲಿ ಚಾರ್‌ಮಿನಾರ್ ಚಿತ್ರದ ನಿಜಾಮರ ರೂಪಾಯಿ, ಹಾಲಿ ಸಿಕ್ಕಾ. ಸಂತೆ ಜಾತ್ರೆಗಳಲ್ಲಿ ಎರಡೂ ಕೈ ಬದಲಾಗುತ್ತಿದ್ದವು. ಬ್ರಿಟಿಷ್ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಹಾಲಿ ಸಿಕ್ಕಾ ತೂಕದಲ್ಲೂ ಕಡಿಮೆ, ಬೆಳ್ಳಿಯಲ್ಲೂ ಕಡಿಮೆ. ನೂರಕ್ಕೆ ಸುಮಾರು 82 ಮಾತ್ರ. ಹತ್ತು ಬ್ರಿಟಿಷ್ ರೂಪಾಯಿ ಕರಗಿಸಿದರೆ ಸುಮಾರು 107 ಗ್ರಾಂ ಶುದ್ಧ ಬೆಳ್ಳಿಯ ಲೆಕ್ಕ. ಹತ್ತು ಹಾಲಿ ರೂಪಾಯಿಗೆ 91 ಗ್ರಾಂ. 1940ರಲ್ಲಿ ಯುದ್ಧದ ಕಾರಣಕ್ಕೆ ಬ್ರಿಟಿಷ್ ರೂಪಾಯಿಯ ಬೆಳ್ಳಿಯೂ ಅರ್ಧಕ್ಕೆ ಇಳಿಯಿತು. ಹೊಸ ನಾಣ್ಯ ಯಾವುದು, ಹಳೆಯದು ಯಾವುದು ಅಂತ ಆರಿಸದೆ ಮೂಸೆಗೆ ಹಾಕಿದರೆ ಒಡವೆ ಕೆಂಪಗಾಗಿ ಬರುತ್ತಿತ್ತು. ಅದಕ್ಕೇ ಅಜ್ಜ ರೈತನ ಎದುರಿಗೇ ನಾಣ್ಯಗಳನ್ನು ಚಾಪೆಯ ಮೇಲೆ ಹರಡಿ ಮೂರು ಗುಂಪು ಮಾಡುತ್ತಿದ್ದರಂತೆ.

ರೈತನಿಗೆ ಸೊಂಟದ ಉಡಿದಾರವೇ ಬ್ಯಾಂಕು. ಮಳೆ ಕೈಕೊಟ್ಟ ವರ್ಷ ಅದು ಒತ್ತೆಗೆ ಹೋಗುತ್ತಿತ್ತು. "ಈ ಸಲ ಜ್ವಾಳ ಬಂದ್ರ ಬಿಡಿಸ್ಕೊಂತೀನಿ ಬಿಡು ಪತ್ತಾರಪ್ಪ" ಅನ್ನುವ ಮಾತನ್ನು ನಮ್ಮ ಅಪ್ಪ ಚಿಕ್ಕಂದಿನಲ್ಲಿ ಎಷ್ಟೋ ಸಲ ಕೇಳಿದ್ದಾರೆ.

ಬಂಗಾರದ ಕೆಲಸ ಮಾಡುತ್ತಿದ್ದವರು ದೊಡ್ಡಜ್ಜ. 1963ರ ಜನವರಿಯಲ್ಲಿ ಬಂಗಾರ ನಿಯಂತ್ರಣ ನಿಯಮ ಬಂತು. ಆಗ ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿ. ಚೀನಾ ಯುದ್ಧ ಮುಗಿದ ಹೊತ್ತು, ವಿದೇಶಿ ವಿನಿಮಯ ಉಳಿಸಬೇಕಿತ್ತು. 14 ಕ್ಯಾರೆಟ್‌ಗಿಂತ ಹೆಚ್ಚಿನ ಬಂಗಾರದಲ್ಲಿ ಒಡವೆ ಮಾಡುವಂತಿಲ್ಲ ಅಂದರು. 14 ಕ್ಯಾರೆಟ್ ತಾಳಿಯನ್ನು ಯಾರು ಕಟ್ಟುತ್ತಾರೆ? ದೇಶದಲ್ಲಿ ಲಕ್ಷಗಟ್ಟಲೆ ಅಕ್ಕಸಾಲಿಗರ ಕೆಲಸ ನಿಂತಿತು, ಜೀವ ಕಳೆದುಕೊಂಡವರೂ ಇದ್ದಾರೆ. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟ ಆಗುತ್ತದೆ. ದೊಡ್ಡಜ್ಜ ಎಂಟು ತಿಂಗಳು ಸುಮ್ನೆ ಕೂತರಂತೆ. ಆಮೇಲೆ ತಮ್ಮನ ಕುಲುಮೆಯ ಪಕ್ಕ ಬಂದು ಬೆಳ್ಳಿ ಬಡಿಯಲು ಶುರುಮಾಡಿದರು. ಬೆಳ್ಳಿಗೆ ಈ ನಿಯಮ ಇರಲಿಲ್ಲ. 14 ಕ್ಯಾರೆಟ್ ನಿಯಮ 1966ರಲ್ಲಿ ಹೋಯಿತು, ಆದರೆ 1968ರಲ್ಲಿ ಬಂಗಾರ ನಿಯಂತ್ರಣ ಕಾಯಿದೆಯೇ ಬಂತು, ಲೈಸೆನ್ಸು, ಲೆಕ್ಕದ ಪುಸ್ತಕದ ಕಾಟ 1990ರವರೆಗೂ ಇತ್ತು.

ಈ ಮಧ್ಯೆ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯಿತು. ಗಂಗಾವತಿ, ಸಿಂಧನೂರು ಭತ್ತದ ನಾಡಾದವು. ಸುಗ್ಗಿಯ ದುಡ್ಡು ಕೈಗೆ ಬಂದವರಿಗೆ ತಿಂಗಳುಗಟ್ಟಲೆ ಕಾಯುವ ತಾಳ್ಮೆ ಇರಲಿಲ್ಲ, ಮಾಡಿಟ್ಟ ಒಡವೆ ಬೇಕಿತ್ತು. ಆಗ ಅಪ್ಪ ಜವಾಹರ ರಸ್ತೆಯ ಕಡೆ ಒಂದು ಸಣ್ಣ ಮಳಿಗೆ ಬಾಡಿಗೆಗೆ ಹಿಡಿದರು. ಬೋರ್ಡಿನಲ್ಲಿ ಬರೆಸಿದ್ದು 'ಬೆಳ್ಳಿ ಆಭರಣ' ಅಂತ ಮಾತ್ರ. 'ಬಂಗಾರ' ಸೇರಿದ್ದು 1990ರಲ್ಲಿ ಕಾಯಿದೆ ರದ್ದಾದ ಮೇಲೆ. ಆ ಹಳೆ ಬೋರ್ಡಿನಲ್ಲಿ ಎರಡು ಪದಗಳ ಬಣ್ಣವೇ ಬೇರೆ ಬೇರೆ.

ಅಂಗಡಿ ಬೆಳೆಯಿತು, ಕುಲುಮೆ ಸಣ್ಣದಾಯಿತು. ಕಾಲುಚೈನು ಕೊಲ್ಹಾಪುರದ ಹತ್ತಿರದ ಹುಪರಿಯಿಂದ, ಸೇಲಂನಿಂದ ಬರತೊಡಗಿತು. ನಾವು ಒಂದು ಜೊತೆ ಮಾಡುವಷ್ಟರಲ್ಲಿ ಅಲ್ಲಿಂದ ಒಂದು ಪೆಟ್ಟಿಗೆ ಬರುತ್ತಿತ್ತು. ಒಮ್ಮೆ ಹೊರಗಿನ ಸಗಟು ವ್ಯಾಪಾರಿಯೊಬ್ಬರ ಮಾಲು ನಂಬಿ ಕೆಟ್ಟೆವು. 80 ಟಂಚ್, ಅಂದರೆ ನೂರಕ್ಕೆ 80 ಪಾಲು ಬೆಳ್ಳಿ ಅಂತ ಕೊಟ್ಟಿದ್ದರು. ಒಬ್ಬ ಅವ್ವ ಎರಡೇ ತಿಂಗಳಿಗೆ ಕಪ್ಪಾದ ಚೈನು ತಂದು ಕೌಂಟರ್ ಮೇಲಿಟ್ಟರು. ಬೈಯಲಿಲ್ಲ, ಸುಮ್ನೆ ಇಟ್ಟರು. ಅಪ್ಪ ಅವರ ಎದುರಿಗೇ ಕರಗಿಸಿದರು. 60 ಟಂಚ್ ಕೂಡ ಇರಲಿಲ್ಲ. ಆ ಮಾಲು ಒಯ್ದಿದ್ದವರಲ್ಲಿ ಗೊತ್ತಿದ್ದವರನ್ನೆಲ್ಲ ಕರೆಸಿ ಬದಲಿಸಿ ಕೊಟ್ಟೆವು. ಅದರಲ್ಲಿ ನಮ್ಮ ಅಕ್ಷರ ಇರಲಿಲ್ಲ, ಆದರೆ ಅಂಗಡಿ ನಮ್ಮದಲ್ವಾ.

ಈಗ ಗುರುತು ಹಾಕುವವರು ಬೇರೆ. 2000ದಲ್ಲಿ ಬಂಗಾರಕ್ಕೆ, 2005ರಲ್ಲಿ ಬೆಳ್ಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಮುದ್ರೆ ಬಂತು. ಬಂಗಾರದ ಮೇಲೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ ಇರುತ್ತದೆ, ಫೋನಿನಲ್ಲೇ ಪರೀಕ್ಷಿಸಬಹುದು. ಗಿರಾಕಿಗೆ ಇದರಿಂದ ಒಳ್ಳೆಯದೇ ಆಗಿದೆ. ನಾನಂತೂ ಎಲ್ಲರಿಗೂ ನೋಡಿಯೇ ಕೊಳ್ಳಿ ಅನ್ನುತ್ತೇನೆ.

ನಮ್ಮ ಕೈಯಲ್ಲಿ ಪೂರ್ತಿ ಉಳಿದಿರುವುದು ಇಷ್ಟಲಿಂಗ ಇಟ್ಟುಕೊಳ್ಳುವ ಡಬ್ಬಿ, ಕರಡಿಗೆ ಒಂದೇ. ಬೆಳ್ಳಿ ತಗಡನ್ನು ಅಚ್ಚಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಬಡಿಯಬೇಕು. ನಡುನಡುವೆ ಕಾಯಿಸಿ ಮೆತ್ತಗೆ ಮಾಡದಿದ್ದರೆ ತಗಡು ಸೀಳುತ್ತದೆ. ಕಷ್ಟ ಇರುವುದು ಮುಚ್ಚಳದಲ್ಲಿ. ತೆಗೆಯುವಾಗ ಬಿಗಿ ಅನ್ನಿಸಬಾರದು, ತಲೆಕೆಳಗು ಹಿಡಿದರೂ ಬೀಳಬಾರದು. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಬಂದವರು ಮುತ್ತಜ್ಜನ ಕಾಲದ ಕರಡಿಗೆ ತಂದು ರಿಪೇರಿ ಮಾಡಿಸುತ್ತಾರೆ. ಕೆಲವದರಲ್ಲಿ ಅಜ್ಜನ ಅಕ್ಷರ ಕಾಣುತ್ತದೆ. ಅವಕ್ಕೆ ನಾನು ಮಜೂರಿ ತೆಗೆದುಕೊಳ್ಳುವುದಿಲ್ಲ.

ನಿಮ್ಮ ಕಡಗವನ್ನು ಉಜ್ಜಿ ಹೊಳಪು ಮಾಡಬೇಡಿ, ಅಕ್ಷರ ಸವೆಯುತ್ತದೆ. ಅಂಟುವಾಳಕಾಯಿ ನೆನೆಸಿದ ನೀರಿನಲ್ಲಿ ಮೆತ್ತಗಿನ ಬಟ್ಟೆಯಿಂದ ತೊಳೆಯಿರಿ, ಸಾಕು. ಅಕ್ಷರದ ಫೋಟೋ ತೆಗೆದು ಅಜ್ಜಿಯ ತವರಿನ ಕಡೆಯ ಹಳೆ ಪತ್ತಾರರ ಮನೆಗಳಲ್ಲಿ ತೋರಿಸಿ. ಮಾಡಿದ ಕೈ ಯಾರದು ಅಂತ ಹೇಳುವವರು ಒಬ್ಬರಾದರೂ ಅಲ್ಲಿ ಸಿಗಬಹುದು.