ಅಜ್ಜ ಅಜ್ಜಿ ಬಂದು ಹೋದ ಮೇಲೆ ತಂದೆತಾಯಿಗೂ ವಯಸ್ಸಾಗುತ್ತಿದೆ ಎಂದು ಭಯವಾಗುತ್ತಿದೆ. ಅದನ್ನು ಅವರಿಗೆ ಹೇಳಬೇಕೇ, ಸುಮ್ಮನಿರಬೇಕೇ?

ಅಜ್ಜ ಅಜ್ಜಿ ಮನೆಯಲ್ಲಿದ್ದ ದಿನಗಳಲ್ಲಿ ತಂದೆತಾಯಿಯ ವಯಸ್ಸು ಮೊದಲ ಬಾರಿಗೆ ಕಣ್ಣಿಗೆ ಬಿತ್ತು, ಅಂದಿನಿಂದ ಭಯ ಬಿಟ್ಟಿಲ್ಲ, ಈ ಮಾತನ್ನು ಅವರ ಮುಂದೆ ಎತ್ತಬೇಕೋ ಬೇಡವೋ ತಿಳಿಯುತ್ತಿಲ್ಲ ಎಂದು ನೀವು ಬರೆದಿದ್ದೀರಿ. ಎರಡು ವರ್ಷಗಳ ಹಿಂದೆ ನನಗೂ ಹೀಗೆಯೇ ಆಯಿತು. ಆಗ ಅಜ್ಜನಿಗೆ 88, ಅಜ್ಜಿಗೆ 84, ಅಪ್ಪನಿಗೆ 66, ಅಮ್ಮನಿಗೆ 61 ವರ್ಷ. ಅಪ್ಪನ ತಂದೆತಾಯಿಯಾದ ಅವರಿಬ್ಬರೂ ಮೂರು ವಾರ ನಮ್ಮೊಂದಿಗಿದ್ದರು.

ಅಜ್ಜಿಗೆ ಕಿವಿ ಮಂದ. ಅವರಿಗೆ ಕೇಳಿಸಲೆಂದು ನಾವೆಲ್ಲ ಊಟದ ಹೊತ್ತಿಗೆ ಟಿವಿ ಆರಿಸಿ, ಎದುರಿಗೆ ಕುಳಿತು, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರಂತೆ ನಿಧಾನವಾಗಿ ಮಾತನಾಡುವುದನ್ನು ರೂಢಿಸಿಕೊಂಡೆವು. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ನಾನು ನಿರೀಕ್ಷಿಸದ ಒಂದು ಬದಲಾವಣೆ ಕಂಡಿತು. ಅಮ್ಮ ಮಾತಿಗೆ ಮರಳಿದ್ದರು. ಅದಕ್ಕೂ ಹಿಂದಿನ ಒಂದೆರಡು ವರ್ಷಗಳಲ್ಲಿ ಅವರು ಎಲ್ಲರೂ ಕೂಡಿ ಮಾತನಾಡುವಾಗ ಸುಮ್ಮನೆ ನಗುತ್ತಾ, ತಲೆಯಾಡಿಸುತ್ತಾ ಕುಳಿತಿದ್ದು, ಏನೋ ಕೆಲಸವಿದೆಯೆಂದು ಎದ್ದು ಹೋಗುತ್ತಿದ್ದರು; ವಯಸ್ಸು ಹೆಚ್ಚಿದಂತೆ ಮೌನಿಯಾಗಿದ್ದಾರೆ ಎಂದು ನಾನು ಭಾವಿಸಿದ್ದೆ. ಈಗ ಅದೇ ಅಮ್ಮ ಪ್ರತಿ ಮಾತಿಗೂ ಉತ್ತರ ಕೊಡುತ್ತಿದ್ದರು, ಹಳೆಯ ಸಂಗತಿಗಳನ್ನು ನೆನಪಿಸಿ ನಗಿಸುತ್ತಿದ್ದರು, ಅಪ್ಪ ತಪ್ಪು ಹೇಳಿದರೆ ತಿದ್ದುತ್ತಿದ್ದರು. ನಾವು ಅಜ್ಜಿಗಾಗಿ ಮಾಡಿದ ಏರ್ಪಾಡು ಅಮ್ಮನಿಗೂ ಬೇಕಾಗಿತ್ತು, ಅವರು ಮಾತ್ರ ಅದನ್ನು ಯಾರಲ್ಲಿಯೂ ಕೇಳಿರಲಿಲ್ಲ ಎಂಬುದು ಅಂದು ಹೊಳೆದಾಗ ನನಗೆ ಆದ ಸಂಕಟವನ್ನು ಇಂದಿಗೂ ಮರೆತಿಲ್ಲ.

ವಯಸ್ಸಿನೊಂದಿಗೆ ಬರುವ ಕಿವುಡು ಎಲ್ಲ ಸದ್ದನ್ನೂ ಒಂದೇ ಸಮನೆ ತಗ್ಗಿಸುವುದಿಲ್ಲ. ಒಳಕಿವಿಯಲ್ಲಿ ಎತ್ತರದ ಶ್ರುತಿಯ ಸದ್ದನ್ನು ಗ್ರಹಿಸುವ ಜೀವಕೋಶಗಳು ಸಾಮಾನ್ಯವಾಗಿ ಮೊದಲು ನಶಿಸುತ್ತವೆ. ಸ್ವರಗಳು ಕೇಳಿಸುತ್ತಿರುತ್ತವೆ, ಆದರೆ ಸ, ಶ, ತ, ಕ ಮುಂತಾದ ವ್ಯಂಜನಗಳು ಸುತ್ತಲಿನ ಗದ್ದಲದಲ್ಲಿ ಕರಗಿಹೋಗುತ್ತವೆ. ಮಾತು ಕೇಳಿಸಿದರೂ ಅರ್ಥವಾಗದ ಈ ಸ್ಥಿತಿಯಲ್ಲಿ ಇರುವವರು ತಮಗೆ ಕಿವಿ ಕೇಳಿಸುವುದಿಲ್ಲ ಎಂದು ಹೇಳುವುದಿಲ್ಲ, ಬೇರೆಯವರು ಸ್ಪಷ್ಟವಾಗಿ ಮಾತನಾಡುವುದಿಲ್ಲ ಎನ್ನುತ್ತಾರೆ, ಅಥವಾ ಅಮ್ಮನಂತೆ ಎದ್ದು ಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 60 ದಾಟಿದವರಲ್ಲಿ ಶೇಕಡಾ 25ಕ್ಕೂ ಹೆಚ್ಚು ಮಂದಿಗೆ ದೈನಂದಿನ ಬದುಕಿಗೆ ತೊಡಕಾಗುವಷ್ಟು ಶ್ರವಣದೋಷವಿರುತ್ತದೆ. ನಾನು ಅದನ್ನು ಸ್ವಭಾವವೆಂದು ಕರೆದು ಕೈತೊಳೆದುಕೊಂಡಿದ್ದೆ.

ಅಪ್ಪನ ವಿಷಯ ಬೇರೆ. ಅಜ್ಜ ಕುರ್ಚಿಯಿಂದ ಏಳುವಾಗ ಮೊದಲು ಎರಡೂ ಕೈಗಳನ್ನು ತೊಡೆಯ ಮೇಲೆ ಊರಿ, ಒಮ್ಮೆ ಮುಂದಕ್ಕೆ ತೂಗಿ, ಎರಡನೆಯ ಪ್ರಯತ್ನಕ್ಕೆ ಮೇಲೇಳುತ್ತಿದ್ದರು. ಅವರನ್ನು ಹಿಡಿದುಕೊಳ್ಳಲೆಂದು ಪಕ್ಕದ ಕುರ್ಚಿಯಿಂದ ಏಳುತ್ತಿದ್ದ ಅಪ್ಪನ ಕೈಗಳೂ ಅದೇ ರೀತಿ ತೊಡೆಯ ಮೇಲೆ ಊರಿದ್ದವು, ಮೈಯೂ ಹಾಗೆಯೇ ಮುಂದಕ್ಕೆ ತೂಗಿತು. ಒಬ್ಬರನ್ನೇ ನೋಡುತ್ತಿದ್ದಾಗ ಎಂದೂ ಕಾಣದಿದ್ದದ್ದು ಇಬ್ಬರನ್ನೂ ಅಕ್ಕಪಕ್ಕದಲ್ಲಿ ನೋಡಿದಾಗ ಕಂಡಿತು. ಆಮೇಲೆ ಒಂದೊಂದೇ ಕಾಣತೊಡಗಿತು: ಮೆಟ್ಟಿಲು ಇಳಿಯುವಾಗ ಅವರು ಕಟಕಟೆ ಹಿಡಿಯುವುದು, ಸಂಜೆಯಾದ ಮೇಲೆ ಹೊರಗೆ ಹೋಗುವ ಕೆಲಸಗಳನ್ನು ಬೆಳಗಿಗೆ ಮುಂದೂಡುವುದು. 60ರ ಕಣ್ಣಿನ ಅಕ್ಷಿಪಟಲವನ್ನು ತಲುಪುವ ಬೆಳಕು 20ರ ಕಣ್ಣಿಗೆ ತಲುಪುವುದರ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಎಂದು ತಿಳಿದದ್ದು ಆ ಬಳಿಕ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು, ಅಪ್ಪ ಇದನ್ನೆಲ್ಲ ತಮ್ಮ ತಂದೆತಾಯಿಯಿಂದ ಮುಚ್ಚಿಡುತ್ತಿದ್ದ ರೀತಿ. ಅಜ್ಜ ಎದುರಿಗಿದ್ದಾಗ ಅವರು ಮೊಣಕಾಲಿನ ನೋವನ್ನು ತೋರಗೊಡುತ್ತಿರಲಿಲ್ಲ, ತಮ್ಮ ಮಾತ್ರೆಗಳನ್ನು ಕೋಣೆಯೊಳಗೆ ಹೋಗಿ ನುಂಗುತ್ತಿದ್ದರು. 88ರ ತಂದೆಯ ಎದುರು 66ರ ಮಗ ತನಗೂ ವಯಸ್ಸಾಯಿತೆಂದು ಹೇಗೆ ಹೇಳಬೇಕು? ನಮ್ಮ ತಂದೆತಾಯಿ ಈ ವಯಸ್ಸಿನಲ್ಲಿ ಎರಡೂ ಕಡೆಗೆ ಗಟ್ಟಿಯಾಗಿರಬೇಕಾಗುತ್ತದೆ, ಮೇಲಿನವರಿಗೆ ಮಗನಾಗಿ ಮತ್ತು ಕೆಳಗಿನವರಿಗೆ ತಂದೆಯಾಗಿ. ದಣಿದಿದ್ದೇನೆ ಎಂದು ಹೇಳಿಕೊಳ್ಳಲು ಅವರಿಗೆ ಯಾವ ಕಡೆಯೂ ಉಳಿಯುವುದಿಲ್ಲ. ಅದರಿಂದಲೇ ಅವರು ಏನು ಹೇಳುತ್ತಾರೆ ಎನ್ನುವುದಕ್ಕಿಂತ ಯಾವುದನ್ನು ಮಾಡದೆ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬುದನ್ನು ಗಮನಿಸಬೇಕೆಂದು ನಾನು ನಿಮಗೆ ಹೇಳುತ್ತೇನೆ.

ಅಜ್ಜಿ ಮಾತ್ರ ಮೋಸಹೋಗಿರಲಿಲ್ಲ. ಹೊರಡುವ ದಿನ ನನ್ನನ್ನು ಹತ್ತಿರ ಕರೆದು, "ನಿಮ್ಮಪ್ಪನ ಮೊಣಕಾಲು ನೋಡಿಸು ಮಗಾ. ನಾನು ಕೇಳಿದರೆ ಏನೂ ಇಲ್ಲ ಅಂತಾನೆ" ಎಂದರು.

ನಿಮ್ಮ ಪ್ರಶ್ನೆಗೆ ಬರುವುದಾದರೆ, ಹೇಳಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ "ನಿಮಗೆ ವಯಸ್ಸಾಯಿತು" ಎಂದು ಹೇಳಬೇಡಿ. ಆ ಮಾತಿಗೆ ಅವರು ಕೊಡಬಹುದಾದ ಉತ್ತರ ಯಾವುದೂ ಇಲ್ಲ. ಮೊದಲ ಸಲ ನಾನು ಅದೇ ತಪ್ಪು ಮಾಡಿದೆ, ಅಪ್ಪ ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ಮುಂದಿನ ಸಲ ಮೊಣಕಾಲನ್ನಷ್ಟೇ ಹಿಡಿದು ಮಾತನಾಡಿದೆ. ಅಜ್ಜಿ ಹೇಳಿದ್ದನ್ನೂ ತಿಳಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅಮ್ಮನಿಗೆ ಗೊತ್ತಾಗಿತ್ತೇ?" ಎಂದಷ್ಟೇ ಕೇಳಿದರು. ಮರುವಾರ ವೈದ್ಯರಲ್ಲಿಗೆ ಬಂದರು.

ಅಲ್ಲಿ ಮಾಡಿಸಿದ ಒಂದು ಪರೀಕ್ಷೆಯನ್ನು ನೀವು ಮನೆಯಲ್ಲಿಯೂ, ಜೊತೆಯಲ್ಲಿ ನಿಂತು, ಮಾಡಿಸಬಹುದು. ಗೋಡೆಗೆ ಒರಗಿಸಿಟ್ಟ, ಕೈಗಳಿಲ್ಲದ ಕುರ್ಚಿಯಲ್ಲಿ ತೋಳುಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುಳಿತು, 30 ಸೆಕೆಂಡುಗಳಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ನಿಲ್ಲಲು ಸಾಧ್ಯ ಎಂದು ಎಣಿಸುವುದು. 65ರಿಂದ 69ರ ಗಂಡಸರಿಗೆ 12ಕ್ಕಿಂತ, ಹೆಂಗಸರಿಗೆ 11ಕ್ಕಿಂತ ಕಡಿಮೆಯಾದರೆ ಕಾಲಿನ ಶಕ್ತಿ ಸರಾಸರಿಗಿಂತ ಕೆಳಗಿದೆ, ಬೀಳುವ ಅಪಾಯ ಹೆಚ್ಚು ಎಂದು ಅರ್ಥ. ಅಪ್ಪನಿಗೆ 9 ಬಂತು. ವೈದ್ಯರು ಹೇಳಿಕೊಟ್ಟ ಕಾಲಿನ ವ್ಯಾಯಾಮಗಳನ್ನು ಅವರು ಬಿಡದೆ ಮಾಡಿದರು. ಐದು ತಿಂಗಳ ನಂತರ 13 ಆಯಿತು. ಇದರಲ್ಲಿ ಪವಾಡವೇನೂ ಇಲ್ಲ. 86ರಿಂದ 96 ವಯಸ್ಸಿನ ಹಿರಿಯರಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿದ, 1990ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿಯೂ ಅವರ ಕಾಲಿನ ಬಲ ದುಪ್ಪಟ್ಟಿಗೂ ಮೀರಿ ಹೆಚ್ಚಿತ್ತು. ವಯಸ್ಸು ಹಿಂದಕ್ಕೆ ಹೋಗುವುದಿಲ್ಲ, ಆದರೆ ವಯಸ್ಸಿನ ಲೆಕ್ಕಕ್ಕೆ ನಾವು ಬರೆಯುವ ಎಷ್ಟೋ ದೌರ್ಬಲ್ಯ ಬಳಕೆಯಿಲ್ಲದ ಸ್ನಾಯುವಿನದ್ದಾಗಿರುತ್ತದೆ.

ಮೆಟ್ಟಿಲಿನ ಬಳಿ ಹೆಚ್ಚು ಬೆಳಕಿನ ದೀಪ ಹಾಕಿಸಿದೆವು. ಇಬ್ಬರ ಮಾತ್ರೆಗಳ ಪಟ್ಟಿಯನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟಿದ್ದೇನೆ.

ಅಮ್ಮನಿಗೆ ಶ್ರವಣ ಪರೀಕ್ಷೆಯ ನಂತರ ಎರಡೂ ಕಿವಿಗೆ ಶ್ರವಣ ಸಾಧನ ಬಂತು. ಮೊದಲ ವಾರಗಳು ಕಷ್ಟವಾದವು. ಪಾತ್ರೆಯ ಸದ್ದು, ಕಾಗದದ ಸದ್ದು, ತಮ್ಮದೇ ಧ್ವನಿ, ಎಲ್ಲವೂ ಕರ್ಕಶವೆಂದು ಅವರು ಅದನ್ನು ಡಬ್ಬಿಯಲ್ಲಿ ಇಟ್ಟುಬಿಡುತ್ತಿದ್ದರು. ವರ್ಷಗಳಿಂದ ಕೇಳದಿದ್ದ ಸದ್ದುಗಳಿಗೆ ಮಿದುಳು ಮತ್ತೆ ಒಗ್ಗಿಕೊಳ್ಳಲು ಸಮಯ ಬೇಕು, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ ಎಂದು ತಜ್ಞರು ತಿಳಿಸಿದ್ದರಿಂದ ಪ್ರತಿ ಸಂಜೆ ಅವರೊಂದಿಗೆ ಒಂದು ಗಂಟೆ ಕುಳಿತು ಮಾತನಾಡುತ್ತಿದ್ದೆ. ನಿಮ್ಮ ಮನೆಯಲ್ಲಿಯೂ ವಿಷಯ ಅಲ್ಲಿಯವರೆಗೆ ಬಂದರೆ, ಆ ಒಂದೆರಡು ತಿಂಗಳು ಅವರ ಜೊತೆ ಕುಳಿತುಕೊಳ್ಳಲು ಸಮಯ ತೆಗೆದಿಡಿ. ಸಾಧನ ಕೊಡಿಸಿದ್ದಕ್ಕಿಂತ ಆ ಸಂಜೆಗಳಿಂದಲೇ ಅಮ್ಮನಿಗೆ ಅದು ರೂಢಿಯಾಯಿತು.