ಸರ್ಕಲ್ ಬಂದರೆ ಕೈ ನಡುಗುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 36 ವರ್ಷ. ಮನೆ ಮೈಸೂರಿನ ಕುವೆಂಪುನಗರದಲ್ಲಿ. ಕಾರಿನ ಲೈಸೆನ್ಸ್ ಬಂದು ಎರಡು ತಿಂಗಳಾಯಿತು. ನೇರ ರಸ್ತೆಯಲ್ಲಿ ಚೆನ್ನಾಗಿಯೇ ಓಡಿಸುತ್ತೇನೆ. ಆದರೆ ಸರ್ಕಲ್ ಹತ್ತಿರ ಬಂದರೆ ಯಾವಾಗ ಒಳಗೆ ಹೋಗಬೇಕು ಅಂತ ತಿಳಿಯದೆ ನಿಂತುಬಿಡುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಗಾಬರಿಯಲ್ಲಿ ಇಂಜಿನ್ ಆಫ್ ಆಗುತ್ತದೆ. ಈಗ ಹಾರ್ಡಿಂಜ್ ಸರ್ಕಲ್ ತಪ್ಪಿಸಲು ಸುತ್ತುಬಳಸಿ ಹೋಗುತ್ತಿದ್ದೇನೆ. ಮನೆಯವರು ‘ಧೈರ್ಯ ಮಾಡಿ ನುಗ್ಗು’ ಅಂತಾರೆ. ಧೈರ್ಯ ಎಲ್ಲಿಂದ ತರಲಿ?

ಉತ್ತರ: ಮೊದಲು ‘ನುಗ್ಗು’ ಅನ್ನೋ ಮಾತು ಮರೆತುಬಿಡಿ. 36ನೇ ವಯಸ್ಸಿನಲ್ಲಿ ಕಾರು ಕಲಿತವರಿಗೆ ಧೈರ್ಯ ಕಮ್ಮಿ ಅಂತ ನಾನು ಒಪ್ಪುವುದಿಲ್ಲ. ನಿಮಗೆ ಇನ್ನೂ ಕೂಡಿಬರದೇ ಇರುವುದು ಅಂದಾಜು. ಆರ್‌ಟಿಓ ಟೆಸ್ಟ್ ಟ್ರ್ಯಾಕ್‌ನಲ್ಲಿ ಬಲಗಡೆಯಿಂದ ಸಿಟಿ ಬಸ್ ಬರುವುದಿಲ್ಲ, ಅಲ್ವಾ? ಹಾಗಾಗಿ ಲೈಸೆನ್ಸ್ ಬಂದಮೇಲೂ ಈ ಪಾಠ ಬಾಕಿ ಉಳಿಯುತ್ತದೆ. ಇಷ್ಟು ವರ್ಷ ನನ್ನ ಹತ್ತಿರ ಕಾರು ಕಲಿತವರಲ್ಲಿ ಬಹಳ ಮಂದಿ ಇದೇ ಮಾತು ಹೇಳಿದ್ದಾರೆ.

ನಿಯಮ ಸರಳ. ಸರ್ಕಲ್ ಒಳಗೆ ಈಗಾಗಲೇ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಹೇಳುವುದೂ ಇದನ್ನೇ. ಸಿಗ್ನಲ್ ಅಥವಾ ಪೊಲೀಸರು ಇದ್ದರೆ ಅವರು ಹೇಳಿದ್ದೇ ಅಂತಿಮ. ನಾವು ರಸ್ತೆಯ ಎಡಗಡೆ ಓಡಿಸುವವರು. ಆದ್ದರಿಂದ ಒಳಗಿನ ವಾಹನ ನಮಗೆ ಯಾವಾಗಲೂ ಬಲಗಡೆಯಿಂದಲೇ ಬರುತ್ತದೆ. ಚಾಮರಾಜ ವೃತ್ತದಲ್ಲೋ ಕೆ.ಆರ್. ಸರ್ಕಲ್‌ನಲ್ಲೋ ನಡುವೆ ಪ್ರತಿಮೆಯ ಮಂಟಪ ಇರುತ್ತದೆ, ಆಚೆ ಬದಿಯ ರಸ್ತೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಹೆದರಬೇಡಿ. ಒಳಗೆ ಹೋಗುವಾಗ ನಿಮಗೆ ಆಚೆ ಬದಿ ಬೇಕಾಗಿಯೇ ಇಲ್ಲ, ಬಲಗಡೆ ಕಂಡರೆ ಸಾಕು. ಐದು ದಿಕ್ಕು ನೋಡಬೇಕು ಅಂತ ಅಂದುಕೊಂಡಿದ್ದರಿಂದಲೇ ಅರ್ಧ ಗಾಬರಿ ಬಂದಿರುತ್ತದೆ.

ಆದರೆ ನಮ್ಮ ಊರಿನಲ್ಲಿ ಎಲ್ಲರೂ ಈ ನಿಯಮ ಪಾಲಿಸುವುದಿಲ್ಲ. ಹಾಗಾಗಿ ಬರುವ ವಾಹನದ ಮುಂದಿನ ಚಕ್ರ ನೋಡಿ. ಇಂಡಿಕೇಟರ್ ಸುಳ್ಳು ಹೇಳಬಹುದು, ಚಕ್ರ ಹೇಳುವುದಿಲ್ಲ. ಆಟೋದ ಮುಂಗಾಲಿ ಎಡಕ್ಕೆ ವಾಲಿದರೆ ಅದು ಹೊರಗೆ ಹೋಗುತ್ತಿದೆ. ನೇರ ಇದ್ದರೆ ನಿಮ್ಮ ಮುಂದೆಯೇ ಹಾಯುತ್ತದೆ. ಇನ್ನೊಂದು ವಿಷಯ: ಮುಂದಿನ ಗಾಜಿನ ಬಲಪಕ್ಕದ ಕಂಬದ ಹಿಂದೆ ಒಂದು ಇಡೀ ಸ್ಕೂಟರ್ ಅಡಗಬಹುದು. ನೋಡುವಾಗ ಸೀಟಿನಿಂದ ಸ್ವಲ್ಪ ಮುಂದಕ್ಕೆ ಬಾಗಿ, ಮತ್ತೆ ಹಿಂದಕ್ಕೆ ಬನ್ನಿ.

ಈಗ ಇಂಜಿನ್ ಆಫ್ ಆಗುವ ಸಮಸ್ಯೆ. ಪಕ್ಕದ ಸೀಟಿನಲ್ಲಿ ಕೂತು ನಾನು ಇದನ್ನು ಗಮನಿಸಿದ್ದೇನೆ. ಕಲಿಯುವವರ ತಲೆ ಬಲಕ್ಕೆ ತಿರುಗಿದ ತಕ್ಷಣ, ಅವರಿಗೇ ತಿಳಿಯದೆ, ಎಡಗಾಲು ಕ್ಲಚ್‌ನಿಂದ ಮೇಲೇಳುತ್ತದೆ. ಕಾರು ಒಮ್ಮೆ ಕುಲುಕಿ ನಿಲ್ಲುತ್ತದೆ. ಹಾರ್ನ್ ಶುರುವಾಗುತ್ತದೆ. ಇದಕ್ಕೆ ಮದ್ದು ಸರ್ಕಲ್‌ನಲ್ಲಿ ಸಿಗುವುದಿಲ್ಲ. ಖಾಲಿ ಲೇಔಟ್ ರಸ್ತೆಗೆ ಹೋಗಿ. ಮೊದಲ ಗೇರ್ ಹಾಕಿ, ಕ್ಲಚ್ ನಿಧಾನ ಬಿಡುತ್ತಾ ಕಾರು ಸಣ್ಣಗೆ ಮಿಡಿಯುವ ಜಾಗದಲ್ಲಿ ಕಾಲು ನಿಲ್ಲಿಸಿ. ಈಗ ತಲೆ ಮಾತ್ರ ಬಲಕ್ಕೆ ತಿರುಗಿಸಿ ಮೂರು ಎಣಿಸಿ, ಕಾಲು ಕದಲಬಾರದು. ಆಮೇಲೆ ಹೊರಡಿ. ದಿನಕ್ಕೆ ಇಪ್ಪತ್ತು ಸಲ ಮಾಡಿ. ಅದೇ ರಸ್ತೆಯಲ್ಲಿ, ನಿಂತಲ್ಲಿಂದ ಎರಡು ಕಾರಿನ ಉದ್ದ ದಾಟಲು ಎಷ್ಟು ಸೆಕೆಂಡ್ ಬೇಕು ಅಂತಲೂ ಎಣಿಸಿಕೊಳ್ಳಿ. ಸರ್ಕಲ್‌ನಲ್ಲಿ ನಿಮಗೆ ಬೇಕಾದ ಗ್ಯಾಪ್‌ಗೆ ಅದೇ ಅಳತೆ. ಅದರ ಮೇಲೆ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ.

ನಂತರ ಒಂದು ಸಂಜೆ ಕಾರು ಮನೆಯಲ್ಲೇ ಬಿಟ್ಟು ಹಾರ್ಡಿಂಜ್ ಸರ್ಕಲ್ ಫುಟ್‌ಪಾತ್ ಮೇಲೆ ಹದಿನೈದು ನಿಮಿಷ ನಿಂತುಕೊಳ್ಳಿ. ಒಳಗೆ ಬರುವ ಒಂದು ರಸ್ತೆಯನ್ನೇ ನೋಡಿ. ಗ್ಯಾಪ್ ಕಂಡಾಗಲೆಲ್ಲ ಮನಸ್ಸಿನಲ್ಲೇ ‘ಈಗ’ ಅನ್ನಿ. ನೀವು ‘ಈಗ’ ಅಂದಾಗ ಅಲ್ಲಿದ್ದ ಕಾರೂ ಹೊರಟಿತಾ ನೋಡಿ. ಸ್ಟೀರಿಂಗ್ ಹಿಡಿಯದೆಯೇ ಕಣ್ಣು ಪಳಗುತ್ತದೆ. ನನಗೆ ತಿಳಿದಂತೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಓಡಿಸುವ ಅಭ್ಯಾಸ ಭಾನುವಾರ ಬೆಳಿಗ್ಗೆ ಶುರು ಮಾಡಿ. ಮೊದಲು ನಿಮ್ಮ ಬಡಾವಣೆಯ ಸಣ್ಣ ಸರ್ಕಲ್, ಆಮೇಲೆ ದೊಡ್ಡದು. ಸರ್ಕಲ್‌ಗೆ ಸಾಕಷ್ಟು ಮೊದಲೇ ಎರಡನೇ ಗೇರ್‌ಗೆ ಬನ್ನಿ. ಎಡಕ್ಕೆ ಹೋಗುವುದಿದ್ದರೆ ಎಡ ಅಂಚಿನಲ್ಲೇ ಇರಿ. ಬಲಕ್ಕೆ ಹೋಗುವುದಿದ್ದರೆ ಒಳಬದಿ ಹಿಡಿಯಿರಿ. ನಿಮ್ಮ ರಸ್ತೆಗಿಂತ ಹಿಂದಿನ ರಸ್ತೆ ದಾಟಿದ ಮೇಲೆ ಎಡ ಇಂಡಿಕೇಟರ್ ಹಾಕಿ, ಎಡಗನ್ನಡಿ ನೋಡಿ, ಒಮ್ಮೆ ಭುಜದ ಪಕ್ಕವೂ ನೋಡಿ. ಅಲ್ಲಿ ಖಂಡಿತ ಒಂದು ಬೈಕ್ ಇರುತ್ತದೆ ಅಂತಲೇ ತಿಳಿದು ಹೊರಬನ್ನಿ. ಬಸ್ಸಿನ ಪಕ್ಕಕ್ಕೆ ಅಂಟಿಕೊಂಡು ಸುತ್ತಬೇಡಿ. ತಿರುಗುವಾಗ ಅದರ ಹಿಂಗಾಲಿಗಳು ಮುಂಗಾಲಿಗಳಿಗಿಂತ ಒಳಕ್ಕೆ ಬರುತ್ತವೆ. ಹಿಂದೆಯೇ ಇರಿ.

ಹೋಗಬೇಕಾದ ರಸ್ತೆ ತಪ್ಪಿತಾ? ಇನ್ನೊಂದು ಸುತ್ತು ಬನ್ನಿ. ಎರಡು ಸುತ್ತಾದರೂ ಪರವಾಗಿಲ್ಲ. ಇಂಥ ಅನುಕೂಲ ಬೇರೆ ಯಾವ ಜಂಕ್ಷನ್‌ನಲ್ಲೂ ಇಲ್ಲ. ಹಿಂದಿನವರ ಹಾರ್ನ್ ನಿಮಗೆ ಅಪ್ಪಣೆ ಅಲ್ಲ. ಬಲಗಡೆಯಿಂದ ಏನು ಬರುತ್ತಿದೆ ಅಂತ ಕಾಣುವುದು ಮುಂದಿರುವ ನಿಮಗೆ, ಅವರಿಗಲ್ಲ. ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ, ಆದರೆ ಸರ್ಕಲ್‌ನಲ್ಲಿ ಮಾತಾಡಬೇಡಿ ಅಂತ ಮೊದಲೇ ಹೇಳಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಎಂಟು ವರ್ಷ ಕಾರು ಓಡಿಸಿದ್ದೆ. ಈಗ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದೇನೆ. ಕಳೆದ ತಿಂಗಳು ಇಲ್ಲಿನ ಟೆಸ್ಟ್ ಪಾಸಾಯಿತು. ಆದರೂ ರೌಂಡಬೌಟ್‌ನಲ್ಲಿ, ಅಂದರೆ ಇಲ್ಲಿನ ಸರ್ಕಲ್‌ನಲ್ಲಿ, ಅಳುಕು. ಎಲ್ಲರೂ ಅಷ್ಟು ವೇಗವಾಗಿ ಬರುತ್ತಾರೆ!

ಉತ್ತರ: ರೌಂಡಬೌಟ್‌ಗಳಿಗೇ ಹೆಸರಾದ ಊರಿನಲ್ಲಿದ್ದೀರಿ. ಬಲಗಡೆಯವರಿಗೆ ದಾರಿ ಬಿಡುವ ನಿಯಮ ಬ್ರಿಟನ್‌ನಲ್ಲಿ 1966ರಿಂದ ಇದೆ. ಅಲ್ಲಿನವರಿಗೆ ಅದು ರಕ್ತದಲ್ಲೇ ಸೇರಿಹೋಗಿದೆ. ನೀವು ನಿಲ್ಲುತ್ತೀರಿ ಅನ್ನೋ ನಂಬಿಕೆಯಲ್ಲೇ ಅವರು ಆ ವೇಗದಲ್ಲಿ ಬರುತ್ತಾರೆ. ನಮ್ಮೂರಿನ ಹಾಗೆ ಮೂತಿ ತೂರಿಸಿ ನೋಡುವ ಅಭ್ಯಾಸ ಅಲ್ಲಿ ಅಪಾಯ. ಹಾಗೆಯೇ, ಬಲಗಡೆ ಖಾಲಿ ಇದ್ದಾಗ ಸುಮ್ನೆ ನಿಂತರೂ ಅಪಾಯ, ಹಿಂದಿನ ಕಾರು ಬಂದು ಗುದ್ದಬಹುದು. ದೂರದಿಂದಲೇ ಬಲಗಡೆ ನೋಡುತ್ತಾ ವೇಗ ಇಳಿಸಿ, ಲೇನ್ ಬಾಣಗಳನ್ನು ಮೊದಲೇ ಓದಿಕೊಳ್ಳಿ. ಲೈಸೆನ್ಸ್ ಬಂದ ಮೊದಲ ಎರಡು ವರ್ಷದಲ್ಲಿ ಆರು ಪೆನಾಲ್ಟಿ ಪಾಯಿಂಟ್ (ಸಂಚಾರ ತಪ್ಪಿಗೆ ಲೈಸೆನ್ಸ್ ಮೇಲೆ ಬೀಳುವ ಅಂಕ) ಆದರೆ ಅದು ರದ್ದಾಗುತ್ತದೆ, ಅವಸರ ಬೇಡ.

ಹೆಡ್‌ಲೈಟ್ ವಿಷಯದಲ್ಲೂ ಹುಷಾರಾಗಿರಿ. ನಮ್ಮಲ್ಲಿ ಲೈಟ್ ಮಿನುಗಿಸಿದರೆ ‘ನಾನು ಬರ್ತಿದ್ದೀನಿ, ನಿಲ್ಲು’ ಅಂತ ಅರ್ಥ. ಅಲ್ಲಿ ಬಹಳ ಜನ ‘ನೀವು ಹೋಗಿ’ ಅನ್ನಲು ಮಿನುಗಿಸುತ್ತಾರೆ. ಅಲ್ಲಿನ ರಸ್ತೆ ನಿಯಮಗಳ ಪುಸ್ತಕ ‘ಹೈವೇ ಕೋಡ್’ ಪ್ರಕಾರ ಅದಕ್ಕೆ ‘ನಾನಿಲ್ಲಿದ್ದೇನೆ’ ಅನ್ನೋದಷ್ಟೇ ಅರ್ಥ. ಲೈಟ್ ನೋಡಿ ಹೊರಡಬೇಡಿ. ಆ ಕಾರಿನ ಚಕ್ರ ನಿಜಕ್ಕೂ ನಿಧಾನವಾಯಿತಾ ನೋಡಿ, ಆಮೇಲೆ ಹೊರಡಿ.